ಹಳೆಯ ಜಾಝ್ ತಟ್ಟೆ, ಹಳೆಯ ರೇಡಿಯೋ: ನೂರು ಮಿಲಿವ್ಯಾಟ್‌ನ ಮನೆ ಸ್ಟೇಷನ್ ಕಟ್ಟುವುದು ಹೇಗೆ?

ಅಮೆರಿಕದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದು: ಯಾರ್ಡ್ ಸೇಲ್‌ಗಳಲ್ಲಿ ಜಾಝ್, ಸ್ವಿಂಗ್ (1930-40ರ ದಶಕಗಳ ಕುಣಿತದ ಜಾಝ್), ಆ ಕಾಲದ ಜನಪ್ರಿಯ ಹಾಡುಗಳ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಗಳು ಸಿಗುತ್ತವೆ, ವಾರಕ್ಕೊಂದು ಸಂಜೆ ನಮ್ಮ ಸೆಟ್ಟಿನಿಂದ ಅವನ್ನು ಪ್ರಸಾರ ಮಾಡಬಹುದೇ?

ಹ್ಯಾಮ್ ಬ್ಯಾಂಡಿನಲ್ಲಿ ಮಾಡುವಂತಿಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮಾವಳಿಯ 97ನೇ ಭಾಗ ಹ್ಯಾಮ್‌ಗಳು ಮಾತಿನ ಪ್ರಸಾರದಲ್ಲಿ ಸಂಗೀತ ಹಾಕುವುದನ್ನೂ, ಸಾರ್ವಜನಿಕರಿಗಾಗಿ ಕಾರ್ಯಕ್ರಮ ನಡೆಸುವುದನ್ನೂ ನಿಷೇಧಿಸಿದೆ. ಮೈಕ್ ಹಿಡಿದು ಮಾತಾಡುವಾಗ ಹಿಂದೆ ತಟ್ಟೆ ತಿರುಗುತ್ತಿದ್ದರೂ ತಪ್ಪೇ. ಭಾರತದ ಹ್ಯಾಮ್ ನಿಯಮಗಳೂ ಈ ವಿಷಯದಲ್ಲಿ ಇಷ್ಟೇ ಬಿಗಿ.

ಆದರೆ ಅದೇ ನಿಯಮಾವಳಿಯ 15ನೇ ಭಾಗದಲ್ಲಿ ಒಂದು ಕಿರುದಾರಿ ಇದೆ. 510ರಿಂದ 1705 ಕಿಲೋಹರ್ಟ್ಸ್‌ವರೆಗಿನ ಮೀಡಿಯಂ ವೇವ್ (ಎಎಂ) ಪಟ್ಟಿಯಲ್ಲಿ, ಟ್ರಾನ್ಸ್‌ಮಿಟರಿನ (ಪ್ರಸಾರ ಯಂತ್ರದ) ಕೊನೆಯ ಹಂತಕ್ಕೆ 100 ಮಿಲಿವ್ಯಾಟ್ ಮೀರದ ವಿದ್ಯುತ್ತು ಉಣಿಸಿ, ಒಟ್ಟು 3 ಮೀಟರ್ ಮೀರದ ಏರಿಯಲ್ (ಆಂಟೆನಾ) ಹಾಕಿ, ಲೈಸೆನ್ಸ್ ಇಲ್ಲದೆಯೇ ಪ್ರಸಾರ ಮಾಡಬಹುದು. ಏರಿಯಲ್ ಹೊಂದಿಕೆ ಕೆಟ್ಟರೆ ಪ್ರಸಾರ ಮನೆ ದಾಟುವುದಿಲ್ಲ. ಎಲ್ಲ ಸರಿ ಇದ್ದರೆ ಅಂಗಳ, ಪಕ್ಕದ ನಾಲ್ಕು ಮನೆ, ತೆರೆದ ಜಾಗದಲ್ಲಿ ನೂರಿನ್ನೂರು ಮೀಟರ್. ಇದಕ್ಕಿಂತ ಹೆಚ್ಚು ಬೇಕೆನ್ನುವವರಿಗೆ ಈ ಲೇಖನ ಉಪಯೋಗಕ್ಕೆ ಬಾರದು. ಅಜ್ಜನ ಕಾಲದ ವಾಲ್ವ್ ಸೆಟ್ಟಿನ ಡಯಲ್ ತಿರುಗಿಸಿದಾಗ 1925ರ ಹಾಡೊಂದು ಸ್ವಚ್ಛವಾಗಿ ಕೇಳಬೇಕು ಎನ್ನುವವರಿಗಾಗಿ ಬರೆದದ್ದು.

ಇಲ್ಲಿ ಹೇಳುವುದೆಲ್ಲ ಅಮೆರಿಕದ ನಿಯಮದ ಮಾತು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇರುವವರು ಟ್ರಾನ್ಸ್‌ಮಿಟರ್ ಭಾಗವನ್ನು ಮಾಡಲು ಹೋಗಬೇಡಿ. ಅನುಮತಿಯಿಲ್ಲದ ಪ್ರಸಾರ ಭಾರತದಲ್ಲಿ ಅಪರಾಧ. ಅವರಿಗೆ ಬೇರೆಯೇ ದಾರಿ ಇದೆ, ಕೊನೆಗೆ ಹೇಳಿದೆ. ತಟ್ಟೆ ತೊಳೆಯುವುದರಿಂದ ಧ್ವನಿ ಸಿದ್ಧಪಡಿಸುವವರೆಗಿನ ಹಂತಗಳು ಇಬ್ಬರಿಗೂ ಒಂದೇ.

ಬೇಕಾದ ಸಾಮಾನು

78 ವೇಗವಿರುವ ಟರ್ನ್‌ಟೇಬಲ್, 78ರ ತಟ್ಟೆಗೆಂದೇ ಮಾಡಿದ ಅಗಲ ತುದಿಯ ಮುಳ್ಳು, ಮುಳ್ಳಿನ ಭಾರ ಅಳೆಯುವ ಪುಟ್ಟ ತಕ್ಕಡಿ, ಮುಳ್ಳಿನಿಂದ ಬರುವ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಫೋನೋ ಪ್ರಿಆಂಪ್, ಧ್ವನಿ ತಿದ್ದುವ ತಂತ್ರಾಂಶವಿರುವ ಕಂಪ್ಯೂಟರ್, ಎಫ್‌ಸಿಸಿ ಐಡಿ (ಪ್ರಮಾಣಪತ್ರದ ಗುರುತು) ಇರುವ ಎಎಂ ಟ್ರಾನ್ಸ್‌ಮಿಟರ್, 600 ಓಮ್‌ಗೆ 600 ಓಮ್‌ನ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಸಾಧನಗಳ ತಂತಿ ನೇರ ತಾಗದಂತೆ ಧ್ವನಿ ದಾಟಿಸುವುದು) ಒಂದು, ಫೆರೈಟ್ ಕ್ಲಿಪ್ (ತಂತಿಯಲ್ಲಿ ರೇಡಿಯೋ ತರಂಗ ಹರಿಯದಂತೆ ತಡೆಯುವುದು) ನಾಲ್ಕು, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಎಎಂ ರೇಡಿಯೋ. ಈ ಕೊನೆಯದನ್ನು ಬಿಡಬೇಡಿ. ದೋಷ ಟ್ರಾನ್ಸ್‌ಮಿಟರಿನದೋ ನಿಮ್ಮ ಹಳೆಯ ಸೆಟ್ಟಿನದೋ ಎಂದು ಹೇಳುವುದು ಅದೊಂದೇ.

ಟ್ರಾನ್ಸ್‌ಮಿಟರ್ ಕೊಳ್ಳುವಾಗ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಒಂದು ವ್ಯಾಟ್, ಐದು ವ್ಯಾಟ್‌ನ ಬೋರ್ಡುಗಳಿಗೆ ಪ್ರಮಾಣಪತ್ರ ಇರುವುದಿಲ್ಲ, ಹಾರ್ಮೋನಿಕ್ ಸೋಸುವ ವ್ಯವಸ್ಥೆಯೂ ಬಹುಪಾಲು ಇರುವುದಿಲ್ಲ. ಹಾರ್ಮೋನಿಕ್ ಎಂದರೆ ನಿಮ್ಮ ಆವರ್ತನದ ಎರಡರಷ್ಟು, ಮೂರರಷ್ಟು ಜಾಗಗಳಲ್ಲಿ ತಾನಾಗಿಯೇ ಹುಟ್ಟುವ ಬೇಡದ ಸಂಕೇತ. 1600ರಲ್ಲಿ ಹಾಡು ಬಿಟ್ಟರೆ ಅದು 3200ರಲ್ಲೂ ಕೇಳುತ್ತದೆ. ಕೈಯಾರೆ ಕಟ್ಟುವವರಿಗೆ ನಿಯಮದಲ್ಲಿ ವಿನಾಯಿತಿ ಇದೆ. ಸ್ವಂತ ಬಳಕೆಗೆ, ಮಾರಾಟಕ್ಕಿಲ್ಲದಂತೆ ಐದರವರೆಗೆ ಮಾಡಿಕೊಳ್ಳಬಹುದು. ಆದರೆ ಕಿಟ್ ತಂದು ಜೋಡಿಸಿದ್ದು ಈ ವಿನಾಯಿತಿಗೆ ಸೇರುವುದಿಲ್ಲ.

1. ಮೊದಲು ಹಾಡಿನ ವಯಸ್ಸು ನೋಡಿ

ಮನೆಯೊಳಗೆ ಮನೆಮಂದಿ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ನೆರೆಹೊರೆಗೆ ಕೇಳಿಸುವ ಉದ್ದೇಶವಿದ್ದರೆ ಹಕ್ಕಿನ ಪ್ರಶ್ನೆ ಬರುತ್ತದೆ. ಒಂದೇ ತಟ್ಟೆಯ ಮೇಲೆ ಎರಡು ಹಕ್ಕು ಕೂತಿರುತ್ತವೆ ಎಂಬುದು ತಿಳಿಯದೆ ಹೆಚ್ಚಿನವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಹಾಡು ಕಟ್ಟಿದವರ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು.

ಅಮೆರಿಕದಲ್ಲಿ ಆ ಕಾಲದ ಹಾಡಿನ ಹಕ್ಕು ಪ್ರಕಟವಾದ ಮೇಲೆ ಹೆಚ್ಚೆಂದರೆ 95 ವರ್ಷ. 1930ರಲ್ಲಿ ಪ್ರಕಟವಾದವು 2026ರ ಜನವರಿ 1ರಂದು ಬಿಡುಗಡೆಯಾದವು. ಧ್ವನಿಮುದ್ರಣದ ಲೆಕ್ಕ 2018ರ ಮ್ಯೂಸಿಕ್ ಮಾಡರ್ನೈಸೇಷನ್ ಕಾಯ್ದೆಯಿಂದ ಬಂದದ್ದು. 1923ಕ್ಕಿಂತ ಹಿಂದಿನವು 2022ರ ಮೊದಲ ದಿನ ಒಟ್ಟಿಗೆ ಬಿಡುಗಡೆಯಾದವು. 1923ರಿಂದ 1946ರವರೆಗಿನವಕ್ಕೆ 100 ವರ್ಷ, 1947ರಿಂದ 1956ರವರೆಗಿನವಕ್ಕೆ 110 ವರ್ಷ. ಅಂದರೆ ಜಾಝ್ ನಾಯಕ ಕಿಂಗ್ ಆಲಿವರ್ ತಂಡ 1923ರಲ್ಲಿ ಹೊರತಂದ ತಟ್ಟೆಗಳ ಧ್ವನಿಮುದ್ರಣ ಈಗ ಎಲ್ಲರದು. ಸ್ವಿಂಗ್ ತಂಡದ ನಾಯಕ ಬೆನ್ನಿ ಗುಡ್‌ಮನ್ 1935ರಲ್ಲಿ ಹೊರತಂದದ್ದಕ್ಕೆ 2036ರವರೆಗೆ ಕಾಯಬೇಕು.

ಹಾಗಾದರೆ ಸ್ವಿಂಗ್ ಕಾಲದ್ದನ್ನೆಲ್ಲ ಮರೆಯಬೇಕೇ? ಬೇಡ. ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ಮಾಮೂಲಿ ಅನಲಾಗ್ ರೇಡಿಯೋದಲ್ಲಿ ತಟ್ಟೆ ಹಾಕಿದರೆ ಧ್ವನಿಮುದ್ರಣದ ಮಾಲೀಕರಿಗೆ, ನುಡಿಸಿದವರಿಗೆ ಏನೂ ಸಲ್ಲಬೇಕಿಲ್ಲ. ಹಾಡು ಕಟ್ಟಿದವರ ಪಾಲು ಮಾತ್ರ ಕೊಡಬೇಕು. ದೊಡ್ಡ ಸ್ಟೇಷನ್‌ಗಳೂ ಇಷ್ಟೇ ಮಾಡುವುದು. ಆದ್ದರಿಂದ 1930 ಮತ್ತು ಅದಕ್ಕೂ ಹಿಂದೆ ಪ್ರಕಟವಾದ ಹಾಡನ್ನು ಸ್ವಿಂಗ್ ತಂಡ ಮುಂದೆಂದೋ ನುಡಿಸಿದ ತಟ್ಟೆ ನಿಮಗೆ ಹೇಳಿ ಮಾಡಿಸಿದ್ದು. ಡಬ್ಲ್ಯೂ. ಸಿ. ಹ್ಯಾಂಡಿಯ ‘ಸೇಂಟ್ ಲೂಯಿಸ್ ಬ್ಲೂಸ್’ 1914ರದು. ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ ಅದರ ತಟ್ಟೆ ಎರಡೂ ಬಗೆಯಲ್ಲಿ ಮುಕ್ತ. ಅದೇ ಹಾಡನ್ನು 1940ರ ದಶಕದ ತಂಡವೊಂದು ನುಡಿಸಿದ್ದರೆ ಧ್ವನಿಮುದ್ರಣ ಮುಕ್ತವಲ್ಲ, ಆದರೂ ಎಎಂನಲ್ಲಿ ಹಾಕುವುದಕ್ಕೆ ಅಡ್ಡಿಯಿಲ್ಲ. ಇನ್ನೂ ಹಕ್ಕಿನೊಳಗಿರುವ ಹಾಡುಗಳು ಬೇಕೇ ಬೇಕೆಂದರೆ ಹಾಡು ಕಟ್ಟಿದವರ ಪರವಾಗಿ ಹಣ ಸಂಗ್ರಹಿಸುವ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್‌ನಂಥ ಸಂಸ್ಥೆಗಳ ಪರವಾನಗಿ ಪಡೆಯಬೇಕು.

ಇಲ್ಲಿ ಎಡವುವ ಜಾಗ ಒಂದಿದೆ. ಅದೇ ಕಾರ್ಯಕ್ರಮವನ್ನು ಊರಿನ ನೆಂಟರಿಗೂ ಕೇಳಿಸೋಣ ಎಂದು ಇಂಟರ್ನೆಟ್ಟಿಗೆ ಹರಿಬಿಟ್ಟ ಕ್ಷಣವೇ ಅದು ಡಿಜಿಟಲ್ ಪ್ರಸಾರವಾಗುತ್ತದೆ. ಆಗ ಮುಕ್ತವಲ್ಲದ ತಟ್ಟೆಗಳ ಧ್ವನಿಮುದ್ರಣದ ಹಕ್ಕೂ ಎದ್ದು ನಿಲ್ಲುತ್ತದೆ, ಆ ಹಕ್ಕಿನವರ ಪರವಾಗಿ ಹಣ ಸಂಗ್ರಹಿಸುವ ಸೌಂಡ್‌ಎಕ್ಸ್‌ಚೇಂಜ್‌ಗೆ ಹಣ ಕಟ್ಟಬೇಕಾಗುತ್ತದೆ.

ತಟ್ಟೆಯ ಲೇಬಲ್ಲಿನ ಮೇಲೆ ಇಸವಿ ಇರುವುದು ಅಪರೂಪ. ಲೇಬಲ್ಲಿನ ಸುತ್ತ ಕೊನೆಯ ಗೆರೆಯ ಒಳಗೆ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ ಓದಿ. ಅದು ಮೂಲ ಅಚ್ಚಿನ ಗುರುತು. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸುವ ಅಮೆರಿಕನ್ ಐತಿಹಾಸಿಕ ಧ್ವನಿಮುದ್ರಣಗಳ ಸೂಚಿಯಲ್ಲಿ ಆ ಸಂಖ್ಯೆ ಹಾಕಿದರೆ ಬಹುಪಾಲು ತಟ್ಟೆಗಳಿಗೆ ಮುದ್ರಣದ ದಿನಾಂಕವೇ ಸಿಗುತ್ತದೆ. ತಟ್ಟೆ ಹೊರಬಂದದ್ದು ಅದಕ್ಕಿಂತ ತಡವಾಗಿ ಇರಬಹುದು. ಹಕ್ಕಿನ ಲೆಕ್ಕ ಶುರುವಾಗುವುದು ಹೊರಬಂದ ವರ್ಷದಿಂದ.

2. ತೊಳೆಯುವುದು

78ರ ತಟ್ಟೆಯ ಮೈ ಅರಗಿನದು. ಮರದ ಮೇಲಿನ ಅರಗಿನ ಹುಳು ಸ್ರವಿಸುವ ಅದೇ ಅರಗು, ಕಲ್ಲಿನ ಪುಡಿಯಂಥ ಪದಾರ್ಥಗಳ ಜೊತೆ ಬೆರೆಸಿ ಒತ್ತಿದ್ದು. ಅದರ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಯುದ್ಧದಿಂದ ಸರಬರಾಜು ಕುಸಿದಾಗ, 1942ರಲ್ಲಿ, ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಕಂಪನಿಗಳು ಹಳೆಯ ತಟ್ಟೆಗಳನ್ನೇ ಪುಡಿಮಾಡಿ ಬೆರೆಸತೊಡಗಿದವು. ಯುದ್ಧಕಾಲದ ತಟ್ಟೆಗಳು ಹೊಸದಾಗಿದ್ದಾಗಲೇ ಚರಚರ ಎನ್ನುತ್ತಿದ್ದವು, ಎಷ್ಟು ತೊಳೆದರೂ ಆ ಸದ್ದು ಹೋಗದು. ಒಂದೇ ಹಾಡಿನ ಎರಡು ಪ್ರತಿ ಸಿಕ್ಕರೆ ಯುದ್ಧಕ್ಕೆ ಮುಂಚಿನ ಅಚ್ಚನ್ನು ಆರಿಸಿ.

ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿ (ನಂತರದ ಕಾಲದ ವಿನೈಲ್ ತಟ್ಟೆ) ತೊಳೆಯುವ ದ್ರಾವಣಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಬೆರೆಸಿರುತ್ತಾರೆ, ಒಂದೇ ಸಲಕ್ಕೆ ತಟ್ಟೆಯ ಹೊಳಪು ಹೋಗಿ ಗೆರೆಗಳು ಹಾಳಾಗುತ್ತವೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಎರಡು ಮೂರು ಹನಿ ಬಣ್ಣ, ಪರಿಮಳ ಇಲ್ಲದ ಪಾತ್ರೆ ತೊಳೆಯುವ ದ್ರವ ಸಾಕು. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಗುಂಟ ಸುತ್ತುತ್ತಾ ಉಜ್ಜಿ. ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲು ತಾಗಿದರೆ ತಟ್ಟೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಮೂರು ಬಗೆಯವಕ್ಕೆ ನೀರು ಸೋಕಿಸಬೇಡಿ: ಅಂಚು ಬಿರಿದ, ಒಳಗೆ ಕಾಗದದ ಪದರವಿರುವ ತಟ್ಟೆಗಳು, ಎಡಿಸನ್ ಕಂಪನಿಯ ಕಾಲು ಇಂಚು ದಪ್ಪದ ಡೈಮಂಡ್ ಡಿಸ್ಕ್‌ಗಳು, ಅಲ್ಯೂಮಿನಿಯಂ ಅಥವಾ ಗಾಜಿನ ಮೇಲೆ ಕಪ್ಪು ಬಣ್ಣ ಹಚ್ಚಿದಂತಿರುವ ಒಂಟಿ ಪ್ರತಿಗಳು. ಕೊನೆಯವನ್ನು ಮನೆಯಲ್ಲಿ ಮುಟ್ಟದಿರುವುದೇ ಒಳ್ಳೆಯದು.

3. ಮುಳ್ಳು, ಭಾರ, ವೇಗ

ಎಲ್‌ಪಿ ಮುಳ್ಳಿನ ತುದಿ ಸುಮಾರು 0.7 ಮಿಲ್, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದ ಮುಕ್ಕಾಲಿಗೂ ಕಡಿಮೆ. 78ಕ್ಕೆ ಬೇಕಾದ್ದು 3 ಮಿಲ್. ಎಲ್‌ಪಿ ಮುಳ್ಳು ಹಾಕಿದರೆ ಅದು ಗೆರೆಯ ಗೋಡೆಗಳಿಗೆ ಒರಗದೆ ತಳಕ್ಕೆ ಇಳಿದು, ಅಲ್ಲಿ ತುಂಬಿರುವ ಕಸದ ಮೇಲೆ ಓಡುತ್ತದೆ. ಹಾಡಿಗಿಂತ ಗದ್ದಲ ಜಾಸ್ತಿ ಬರುತ್ತದೆ, ಮುಳ್ಳೂ ಸವೆಯುತ್ತದೆ. “ನನ್ನ ತಟ್ಟೆಗಳೆಲ್ಲ ಹಾಳಾಗಿವೆ” ಎನ್ನುವವರು ಮೊದಲು ಇದನ್ನೇ ನೋಡಿಕೊಳ್ಳಬೇಕು. ಭಾರ 3ರಿಂದ 5 ಗ್ರಾಂ ನಡುವೆ, ನಿಮ್ಮ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ಕಂಪನಿ ಹೇಳಿದಷ್ಟು. ಕಡಿಮೆ ಭಾರ ಹಾಕಿದರೆ ತಟ್ಟೆ ಉಳಿಯುತ್ತದೆ ಎಂಬ ನಂಬಿಕೆ ತಪ್ಪು. ಮುಳ್ಳು ಕುಪ್ಪಳಿಸಿ ಗೋಡೆಗೆ ಬಡಿಯುತ್ತದೆ. ಉಕ್ಕಿನ ಸೂಜಿ ಓಡಿ ಬೂದು ಬಣ್ಣಕ್ಕೆ ತಿರುಗಿದ ತಟ್ಟೆಗೆ 2.5 ಅಥವಾ 3.5 ಮಿಲ್ ತುದಿ ಹಾಕಿ ನೋಡಬಹುದು. ಸವೆದ ಪಟ್ಟಿಯ ಕೆಳಗೋ ಮೇಲೋ ಓಡಿದರೆ ಆಶ್ಚರ್ಯಪಡುವಷ್ಟು ಚೊಕ್ಕ ಧ್ವನಿ ಸಿಗುವುದುಂಟು.

78ರ ತಟ್ಟೆ ಮೋನೋ. ಸ್ಟೀರಿಯೋ ಕಾರ್ಟ್ರಿಜ್‌ನ ಎಡ-ಬಲ ಎರಡನ್ನೂ ಕೂಡಿಸಿ. ಮುಳ್ಳು ಮೇಲೆ ಕೆಳಗೆ ಕುಣಿಯುವುದರಿಂದ ಹುಟ್ಟುವ ಗದ್ದಲ ಒಂದನ್ನೊಂದು ಹೊಡೆದುಹಾಕಿ ಹೋಗುತ್ತದೆ. ಎಡಿಸನ್ ಮತ್ತು ಹಳೆಯ ಪಾತೆ ತಟ್ಟೆಗಳು ಮಾತ್ರ ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಹಾಡೇ ಮೇಲೆ ಕೆಳಗಿನ ಚಲನೆಯಲ್ಲಿರುವುದರಿಂದ ಕೂಡಿಸಿದರೆ ಹಾಡೇ ಮಾಯ.

ವೇಗ ಸರಿಯಾಗಿ 78 ಅಲ್ಲ. 60 ಹರ್ಟ್ಸ್ ವಿದ್ಯುತ್ತಿನ ದೇಶಗಳಲ್ಲಿ 78.26, ಭಾರತದಂಥ 50 ಹರ್ಟ್ಸ್ ದೇಶಗಳಲ್ಲಿ 77.92. ದೀಪದ ಬೆಳಕಿನಲ್ಲಿ ವೇಗ ಪರೀಕ್ಷಿಸುವ ಸ್ಟ್ರೋಬ್ ತಟ್ಟೆಯಲ್ಲಿ 92 ಗೆರೆ, 77 ಗೆರೆ ಎಂದು ಎರಡು ಸುತ್ತು ಇರುವುದು ಇದಕ್ಕೇ. ಇವೆರಡರ ನಡುವಿನ ವ್ಯತ್ಯಾಸ ಯಾವ ಕಿವಿಗೂ ತಿಳಿಯದು, ತಲೆ ಕೆಡಿಸಿಕೊಳ್ಳಬೇಡಿ. ಆದರೆ 1925ರಲ್ಲಿ ಮೈಕ್ ಬಳಸುವ ವಿದ್ಯುತ್ ಮುದ್ರಣ ಬರುವ ಮೊದಲಿನ ತಟ್ಟೆಗಳು ಕೆಲವು 80ರಲ್ಲಿ, ಕೆಲವು 76ರಲ್ಲಿ ಓಡಬೇಕಾದವು. 80ರದ್ದನ್ನು 78.26ರಲ್ಲಿ ಓಡಿಸಿದರೆ ಶ್ರುತಿ ಅರೆಸ್ವರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಇದು ಕೇಳುತ್ತದೆ. ಪಿಯಾನೋ ಇರುವ ತಟ್ಟೆಯಾದರೆ ಶ್ರುತಿಪೆಟ್ಟಿಗೆಯ ಆ್ಯಪ್ ಹಿಡಿದು ಹೊಂದಿಸಿ. ಸ್ಟ್ರೋಬ್ ನೋಡಲು ಎಲ್‌ಇಡಿ ಬಲ್ಬು ಆಗದು, ಬಹಳಷ್ಟು ಎಲ್‌ಇಡಿಗಳು ವಿದ್ಯುತ್ತಿನ ತಾಳಕ್ಕೆ ಮಿನುಗುವುದಿಲ್ಲ.

ಟರ್ನ್‌ಟೇಬಲ್‌ನಲ್ಲಿ 78 ಇಲ್ಲವೇ? 45ರಲ್ಲಿ ಮುದ್ರಿಸಿಕೊಂಡು ಕಂಪ್ಯೂಟರಿನಲ್ಲಿ ವೇಗವನ್ನು 1.739 ಪಟ್ಟು ಏರಿಸಿ. ಪ್ರಿಆಂಪ್ ಈಕ್ವಲೈಸೇಷನ್ ಇಲ್ಲದ ಚಪ್ಪಟೆ ಬಗೆಯದಾಗಿರಬೇಕು ಎಂಬ ಷರತ್ತಿನ ಮೇಲೆ ಮಾತ್ರ. ಕಾರಣ ಮುಂದಿನ ಹಂತದಲ್ಲಿದೆ.

4. ಈಕ್ವಲೈಸೇಷನ್

ತಟ್ಟೆ ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸುತ್ತಾರೆ, ಇಲ್ಲದಿದ್ದರೆ ಗೆರೆ ಪಕ್ಕದ ಗೆರೆಗೆ ನುಗ್ಗುತ್ತದೆ. ನುಡಿಸುವಾಗ ಅಷ್ಟನ್ನೇ ಮತ್ತೆ ಏರಿಸಬೇಕು. ಈ ಏರಿಳಿತದ ಲೆಕ್ಕವೇ ಈಕ್ವಲೈಸೇಷನ್. ಮಂದ್ರದ ಏರಿಕೆ ಎಲ್ಲಿಂದ ಶುರುವಾಗುತ್ತದೋ ಆ ಆವರ್ತನಕ್ಕೆ ಟರ್ನೋವರ್ ಎಂದು ಹೆಸರು. ಇಂದಿನ ಪ್ರಿಆಂಪ್‌ಗಳಲ್ಲಿರುವ ಆರ್‌ಐಎಎ ಲೆಕ್ಕ ರೂಢಿಗೆ ಬಂದದ್ದು 1954ರ ಹೊತ್ತಿಗೆ. ಅದು ಮೇಲಿನ ಸ್ವರಗಳನ್ನು 10 ಕಿಲೋಹರ್ಟ್ಸ್‌ನಲ್ಲಿ 13.7 ಡೆಸಿಬೆಲ್ ತಗ್ಗಿಸುತ್ತದೆ. 1930ರ ದಶಕದ ತಟ್ಟೆಗೆ ಅಷ್ಟು ತಗ್ಗಿಸಿದರೆ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಕ್ಲಾರಿನೆಟ್ಟಿನ ಮೊನೆ ಹೋಗುತ್ತದೆ, ಸಿಂಬಲ್ ಇತ್ತೋ ಇಲ್ಲವೋ ತಿಳಿಯುವುದಿಲ್ಲ.

ಪ್ರಿಆಂಪ್‌ನಿಂದ ಬಂದದ್ದಕ್ಕೆ ತಂತ್ರಾಂಶದಲ್ಲಿ ಮೊದಲು ತಿರುಗುಮುರುಗು ಆರ್‌ಐಎಎ ಹಚ್ಚಿ ಚಪ್ಪಟೆ ಮಾಡಿ, ಆಮೇಲೆ ಕಾಲಕ್ಕೆ ತಕ್ಕ ಲೆಕ್ಕ ಹಚ್ಚಿ. ಅಮೆರಿಕದ ವಿದ್ಯುತ್ ಮುದ್ರಣಗಳಿಗೆ 500 ಹರ್ಟ್ಸ್ ಟರ್ನೋವರ್, 10 ಕಿಲೋಹರ್ಟ್ಸ್‌ನಲ್ಲಿ 5ರಿಂದ 8 ಡೆಸಿಬೆಲ್ ಇಳಿಕೆ, ಇಲ್ಲಿಂದ ಶುರು ಮಾಡಿ. ಇಂಗ್ಲೆಂಡ್, ಯುರೋಪಿನವಕ್ಕೆ ಟರ್ನೋವರ್ 250 ಹರ್ಟ್ಸ್, ಮೇಲೆ ಇಳಿಕೆ ಬೇಡ. 1925ಕ್ಕೆ ಮುಂಚಿನ, ಕಹಳೆಯ ಮುಂದೆ ಹಾಡಿದ ತಟ್ಟೆಗಳಿಗೆ ಲೆಕ್ಕವೇ ಇಲ್ಲ, ಚಪ್ಪಟೆಯಾಗಿ ಬಿಡಿ. ಒಂದೇ ಕಂಪನಿ ವರ್ಷ ವರ್ಷಕ್ಕೆ ಲೆಕ್ಕ ಬದಲಿಸಿದ್ದುಂಟು. ಪಟ್ಟಿಗಿಂತ ಕಿವಿಗೆ ಹೆಚ್ಚು ಬೆಲೆ ಕೊಡಿ.

45ರಲ್ಲಿ ಮುದ್ರಿಸಿದವರು ವೇಗ ಏರಿಸಿದ ಮೇಲೆಯೇ ಕಾಲಕ್ಕೆ ತಕ್ಕ ಲೆಕ್ಕ ಹಚ್ಚಬೇಕು. ಆರ್‌ಐಎಎ ಹಚ್ಚಿದ ಮೇಲೆ ವೇಗ ಏರಿಸಿದರೆ 500ರ ಟರ್ನೋವರ್ 870ಕ್ಕೆ ಜಾರುತ್ತದೆ.

5. ರೇಡಿಯೋಗೆ ತಕ್ಕಂತೆ ಧ್ವನಿ ಸಿದ್ಧಪಡಿಸುವುದು

ಹಳೆಯ ವಾಲ್ವ್ ರೇಡಿಯೋ 4ರಿಂದ 5 ಕಿಲೋಹರ್ಟ್ಸ್ ಆಚೆ ಏನನ್ನೂ ಕೇಳಿಸುವುದಿಲ್ಲ. 78ರ ತಟ್ಟೆಯಲ್ಲಿ ಹುರುಳಿರುವುದೂ ಹೆಚ್ಚಾಗಿ 7ರವರೆಗೆ. ಎರಡೂ ಒಂದೇ ಕಾಲದ ಮಕ್ಕಳು, ಒಂದನ್ನೊಂದು ಚೆನ್ನಾಗಿ ಬಲ್ಲವು. ಹೀಗಾಗಿ ಹೆಡ್‌ಫೋನಿನಲ್ಲಿ ಕೇಳುತ್ತಾ ತಿದ್ದಬೇಡಿ, ರೇಡಿಯೋದ ಮುಂದೆ ಕೂತು ತಿದ್ದಿ.

ಕ್ರಮ ಮುಖ್ಯ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಅತಿ ಎತ್ತರದ ಸದ್ದು ಮಿತಿಗಿಂತ 6 ಡೆಸಿಬೆಲ್ ಕೆಳಗಿರುವಂತೆ ಮುದ್ರಿಸಿಕೊಳ್ಳಿ. ಮೊದಲು ಟಿಕ್ ಟಿಕ್ ತೆಗೆಯಿರಿ, ಆಮೇಲೆ ಈಕ್ವಲೈಸೇಷನ್ ಮತ್ತು ಸೋಸುವಿಕೆ. ಸೋಸಿದ ಮೇಲೆ ಟಿಕ್ ತೆಗೆಯಲು ಹೋದರೆ ಅವು ಮೊನೆ ಕಳೆದುಕೊಂಡು ಡ್ರಮ್ಮಿನ ಪೆಟ್ಟಿನೊಂದಿಗೆ ಬೆರೆತಿರುತ್ತವೆ, ತಂತ್ರಾಂಶ ಎರಡನ್ನೂ ಕಿತ್ತುಹಾಕುತ್ತದೆ. ಕೆಳಗೆ 60 ಹರ್ಟ್ಸ್‌ಗಿಂತ ಕಡಿಮೆಯದನ್ನು ಕತ್ತರಿಸಿ, ಮೇಲೆ 7 ಕಿಲೋಹರ್ಟ್ಸ್ ದಾಟಿದ್ದನ್ನು ಕತ್ತರಿಸಿ. ಕಹಳೆ ಕಾಲದ ತಟ್ಟೆಗೆ 120ರಿಂದ 4500 ಸಾಕು. ಗದ್ದಲ ಅಳಿಸುವ ಸ್ವಯಂಚಾಲಿತ ಸೌಲಭ್ಯವನ್ನು 6 ಡೆಸಿಬೆಲ್‌ಗಿಂತ ಹೆಚ್ಚು ಎಳೆಯಬೇಡಿ. ಬ್ರಷ್ಷಿನಿಂದ ನುಡಿಸಿದ ಡ್ರಮ್ ನೀರಲ್ಲಿ ಮುಳುಗಿದಂತಾಗುತ್ತದೆ. ಸ್ವಲ್ಪ ಸುರ್ ಎಂದರೆ ಎನ್ನಲಿ.

ಕೊನೆಯಲ್ಲಿ ಕಂಪ್ರೆಸರ್, ಅಂದರೆ ಜೋರು ಮೆಲ್ಲಗಿನ ಅಂತರ ತಗ್ಗಿಸುವ ಸಾಧನ: 3ಕ್ಕೆ 1 ಅನುಪಾತ, ಜೋರಿನ ಜಾಗಗಳಲ್ಲಿ 5-6 ಡೆಸಿಬೆಲ್ ಇಳಿಕೆ. ಅದರ ಬೆನ್ನಿಗೆ ಶಿಖರಗಳನ್ನು ಮಿತಿಯೊಳಗೆ ಹಿಡಿಯುವ ಲಿಮಿಟರ್. ಇದಿಲ್ಲದೆ ಮೆಲ್ಲಗಿನ ಪಿಯಾನೋ ಭಾಗ ಬಂದಾಗ ರೇಡಿಯೋದ ಸ್ವಂತ ಗದ್ದಲ ಮುಂದೆ ಬರುತ್ತದೆ. ತಿದ್ದದ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

10 ಇಂಚಿನ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷ. ಒಂದು ಗಂಟೆಗೆ 16 ಮಗ್ಗುಲು ಮತ್ತು ನಡುವೆ ನಿಮ್ಮ ಮಾತು.

6. ಡಯಲಿನಲ್ಲಿ ಖಾಲಿ ಜಾಗ

3 ಮೀಟರ್ ಏರಿಯಲ್ 1600 ಕಿಲೋಹರ್ಟ್ಸ್‌ನ 187 ಮೀಟರ್ ತರಂಗದ ಮುಂದೆ ಎಳ್ಳಿನಷ್ಟು. 600 ಕಿಲೋಹರ್ಟ್ಸ್‌ನ 500 ಮೀಟರ್ ತರಂಗದ ಮುಂದೆ ಅದೂ ಅಲ್ಲ. ಅದೇ ಏರಿಯಲ್‌ನ ಹೊರಸೂಸುವ ಶಕ್ತಿ 600ಕ್ಕಿಂತ 1600ರಲ್ಲಿ ಏಳು ಪಟ್ಟು. ಆದ್ದರಿಂದ ಎಲ್ಲರೂ 1620ರಿಂದ 1700ರ ಕಡೆಗೆ ಹೋಗುತ್ತಾರೆ, ಹೋಗಿ ಪೇಚಿಗೆ ಸಿಲುಕುತ್ತಾರೆ. 1600ರ ಮೇಲಿನ ಜಾಗ ಅಮೆರಿಕದ ಸ್ಟೇಷನ್‌ಗಳಿಗೆ ತೆರೆದದ್ದು 1990ರ ದಶಕದಲ್ಲಿ. 1930ರ ದಶಕದ ಸೆಟ್ಟುಗಳಲ್ಲಿ ಹಲವು 1500ಕ್ಕೋ 1600ಕ್ಕೋ ನಿಂತುಬಿಡುತ್ತವೆ. ಮೊದಲು ನಿಮ್ಮ ರೇಡಿಯೋದ ಡಯಲ್ ಎಲ್ಲಿಗೆ ಮುಗಿಯುತ್ತದೆ ನೋಡಿ, ಅದರ ತುದಿಗೆ ಹತ್ತಿರದ ಖಾಲಿ ಜಾಗ ಹುಡುಕಿ.

ಮಧ್ಯಾಹ್ನ ಖಾಲಿ ಇದ್ದದ್ದು ರಾತ್ರಿ ಖಾಲಿ ಇರುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ಆಕಾಶದ ಮೇಲ್ಪದರಕ್ಕೆ ತಾಗಿ ಮರಳುತ್ತದೆ, ಸಾವಿರ ಕಿಲೋಮೀಟರ್ ದೂರದ ಸ್ಟೇಷನ್ ನಿಮ್ಮ ಜಾಗದಲ್ಲಿ ಬಂದು ಕೂರುತ್ತದೆ. ಮಧ್ಯಾಹ್ನ, ಕತ್ತಲಾದ ಒಂದು ಗಂಟೆಗೆ, ಮಲಗುವ ಮುಂಚೆ, ಹೀಗೆ ಮೂರು ಹೊತ್ತು ಒಂದು ವಾರ ಕೇಳಿ ಬರೆದಿಟ್ಟುಕೊಳ್ಳಿ. 530 ಮತ್ತು 1610ರಲ್ಲಿ ಪ್ರಯಾಣಿಕರಿಗೆ ಮಾಹಿತಿ ಕೊಡುವ ಸ್ಟೇಷನ್‌ಗಳು ಇರುತ್ತವೆ, ಅವನ್ನು ಬಿಡಿ. ಲೈಸೆನ್ಸ್ ಇರುವ ಯಾರಿಗೆ ನಿಮ್ಮಿಂದ ತೊಂದರೆಯಾದರೂ ನೀವೇ ನಿಲ್ಲಿಸಬೇಕು. ಅವರಿಂದ ನಿಮಗಾದರೆ ಸಹಿಸಬೇಕು. 15ನೇ ಭಾಗದ ನ್ಯಾಯ ಇದು.

7. ಏರಿಯಲ್ ಮತ್ತು ಅರ್ಥ್

3 ಮೀಟರ್ ಎಂಬುದರಲ್ಲಿ ಏರಿಯಲ್, ಅದಕ್ಕೆ ಹೋಗುವ ಕೇಬಲ್, ಅರ್ಥ್ ತಂತಿ ಮೂರೂ ಸೇರಿವೆ. ಏರಿಯಲ್ಲೇ 3 ಮೀಟರ್ ಹಾಕಿ, ಅದನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಅಲ್ಲಿಂದ ನೆಲದವರೆಗೆ 6 ಮೀಟರ್ ಅರ್ಥ್ ತಂತಿ ಇಳಿಸುವುದು ಎಲ್ಲರೂ ಮಾಡುವ ತಪ್ಪು. ದೂರ ಚೆನ್ನಾಗಿ ಹೋಗುತ್ತದೆ, ಏಕೆಂದರೆ ಆ ತಂತಿಯೇ ಏರಿಯಲ್ ಆಗಿರುತ್ತದೆ. ನಿಯಮ ಮುರಿದಿರುತ್ತದೆ. ಟ್ರಾನ್ಸ್‌ಮಿಟರನ್ನು ನೆಲಮಟ್ಟದಲ್ಲಿಟ್ಟು, 2.7 ಮೀಟರ್ ಏರಿಯಲ್ ನೆಟ್ಟಗೆ ನಿಲ್ಲಿಸಿ, ಉಳಿದ 30 ಸೆಂಟಿಮೀಟರನ್ನು ಅರ್ಥ್‌ಗೆ ಕೊಡಿ.

ಅಷ್ಟು ಗಿಡ್ಡ ಏರಿಯಲ್ ವಿದ್ಯುತ್ತಿನ ಕಣ್ಣಿಗೆ 30 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಅದನ್ನು ಸರಿದೂಗಿಸಲು ಬುಡದಲ್ಲಿ ಲೋಡಿಂಗ್ ಕಾಯಿಲ್ (ತಂತಿ ಸುರುಳಿ) ಬೇಕು, 1600 ಕಿಲೋಹರ್ಟ್ಸ್‌ಗೆ ಸುಮಾರು 330 ಮೈಕ್ರೋಹೆನ್ರಿ. ಕೊಂಡ ಟ್ರಾನ್ಸ್‌ಮಿಟರ್‌ಗಳಲ್ಲಿ ಇದು ಒಳಗೇ ಇರುತ್ತದೆ, ತಿರುಪು ತಿರುಗಿಸಿ ಹೊಂದಿಸಿದರೆ ಸಾಕು. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಬಳಸಿ. ನಿಮ್ಮ ಮೈ ಹತ್ತಿರವಿದ್ದರೂ ಹೊಂದಿಕೆ ಬದಲಾಗುತ್ತದೆ, ಹಾಗಾಗಿ ತಿರುಗಿಸಿ ಎರಡು ಮೀಟರ್ ಹಿಂದೆ ಸರಿದು ಅಳತೆ ನೋಡಿ. ಮಳೆ ಬಂದ ಮೇಲೆ ಇನ್ನೊಮ್ಮೆ ನೋಡಿ.

ಆ ಏರಿಯಲ್ಲಿನ ಹೊರಸೂಸುವ ರೋಧ 1600ರಲ್ಲಿ ಹೆಚ್ಚುಕಡಿಮೆ 0.1 ಓಮ್ ಮಾತ್ರ. ನೆಲದ ನಷ್ಟ 25 ಓಮ್ ಇದ್ದರೆ ಉಣಿಸಿದ ಶಕ್ತಿಯ ಬಹುಪಾಲು ಮಣ್ಣಿಗೆ ಹೋಗಿ, ಗಾಳಿಗೆ ಹೋಗುವುದು ಒಂದು ಮಿಲಿವ್ಯಾಟ್‌ನ ಅರ್ಧಕ್ಕೂ ಕಡಿಮೆ. ಟ್ರಾನ್ಸ್‌ಮಿಟರಿನ ಶಕ್ತಿ ಹೆಚ್ಚಿಸುವ ಆಸೆ ಬಿಟ್ಟು ನೆಲದ ನಷ್ಟ ಇಳಿಸಿ. ಅರ್ಥ್ ಸರಳನ್ನು ಏರಿಯಲ್ ಬುಡದಲ್ಲೇ ಹೊಡೆಯಿರಿ, ಸುತ್ತಲಿನ ಮಣ್ಣು ಒಣಗಲು ಬಿಡಬೇಡಿ.

ಶಕ್ತಿ ಅಳೆಯುವುದು ಸುಲಭ: ಕೊನೆಯ ಹಂತದ ವೋಲ್ಟೇಜನ್ನು ಅದು ಎಳೆಯುವ ಕರೆಂಟಿನಿಂದ ಗುಣಿಸಿ. 12 ವೋಲ್ಟ್ ಇದ್ದರೆ 8.3 ಮಿಲಿಆಂಪಿಯರ್ ಮೀರಬಾರದು.

8. ಮಾಡ್ಯುಲೇಷನ್

ಹಾಡಿನ ಏರಿಳಿತಕ್ಕೆ ತಕ್ಕಂತೆ ತರಂಗದ ಎತ್ತರ ಬದಲಿಸುವುದೇ ಎಎಂ. ಹಾಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಶೇಕಡಾದಲ್ಲಿ ಹೇಳುತ್ತಾರೆ. 100 ದಾಟಿದರೆ ತರಂಗವೇ ಕ್ಷಣಕಾಲ ಕಡಿದುಹೋಗಿ, ಟ್ರಂಪೆಟ್ ಏರಿದಾಗಲೆಲ್ಲ ಬಟ್ಟೆ ಹರಿದ ಸದ್ದು ಬರುತ್ತದೆ. ಅಕ್ಕಪಕ್ಕದ ಆವರ್ತನಗಳಿಗೂ ಸಿಡಿಯುತ್ತದೆ. ಶಿಖರಗಳು 95ರೊಳಗೆ, ಸರಾಸರಿ 60-70 ಇರಲಿ. ಆಸಿಲೋಸ್ಕೋಪ್ (ತರಂಗದ ಆಕಾರ ತೋರಿಸುವ ಯಂತ್ರ) ಇಲ್ಲದಿದ್ದರೆ ಬ್ಯಾಟರಿ ರೇಡಿಯೋವನ್ನು ನಿಮ್ಮ ಜಾಗದಿಂದ 20 ಕಿಲೋಹರ್ಟ್ಸ್ ಆಚೆ ತಿರುಗಿಸಿ, ಹತ್ತು ಮೀಟರ್ ದೂರ ನಿಂತು ಕೇಳಿ. ಹಿತ್ತಾಳೆ ವಾದ್ಯ ಮೊಳಗಿದಾಗ ಅಲ್ಲಿ ಸಿಡಿತ ಕೇಳಿದರೆ ಆಡಿಯೋ ಇಳಿಸಿ. ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ರೇಡಿಯೋ ಇಟ್ಟು ಪರೀಕ್ಷಿಸಿದರೆ ರೇಡಿಯೋವೇ ಉಸಿರುಗಟ್ಟಿ ಎಲ್ಲವೂ ಒಡೆದಂತೆ ಕೇಳುತ್ತದೆ.

9. ಗುಂಯ್ ಎನ್ನುವ ಸದ್ದು

ಅತಿ ಹೆಚ್ಚು ದೂರು ಬರುವುದು ಇದರ ಮೇಲೆ. ನಿಮ್ಮ ಸ್ಟೇಷನ್ ಮೇಲೆ ಡಯಲ್ ಬಂದಾಗ ಮಾತ್ರ ಗುಂಯ್ ಎನ್ನುತ್ತದೆ, ಪಕ್ಕಕ್ಕೆ ತಿರುಗಿಸಿದರೆ ಮಾಯ. ಅಂದರೆ ರೇಡಿಯೋದ ಕೆಪಾಸಿಟರ್ ತಪ್ಪಲ್ಲ. ಟ್ರಾನ್ಸ್‌ಮಿಟರಿನ ತರಂಗ ಅಡಾಪ್ಟರ್ ಮೂಲಕ ಮನೆಯ ವೈರಿಂಗಿಗೆ ಇಳಿದು, ಅಲ್ಲಿನ ಡಯೋಡುಗಳಲ್ಲಿ ವಿದ್ಯುತ್ತಿನ ತಾಳ ಹತ್ತಿಸಿಕೊಂಡು ಬರುತ್ತಿದೆ. ಟ್ರಾನ್ಸ್‌ಮಿಟರನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ನೋಡಿ. ಸದ್ದು ನಿಂತರೆ ಕಾರಣ ಖಚಿತ. ಸ್ವಿಚ್ ಮೋಡ್ ಅಡಾಪ್ಟರ್ ಬಿಟ್ಟು ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್ ಹಾಕಿ, ಅದರ ತಂತಿಯನ್ನು ಫೆರೈಟ್ ಕ್ಲಿಪ್ಪಿನೊಳಗೆ ನಾಲ್ಕೈದು ಸುತ್ತು ಹಾಕಿ. ಬ್ಯಾಟರಿಯಲ್ಲೂ ಸದ್ದು ಉಳಿದರೆ ಅದು ಕಂಪ್ಯೂಟರಿನ ಆಡಿಯೋ ತಂತಿಯಿಂದ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ನಡುವೆ ಹಾಕಿ. ಡಯಲ್ ಪೂರ್ತಿ ಗುಂಯ್ ಎಂದರೆ ಮಾತ್ರ ರೇಡಿಯೋ ರಿಪೇರಿಗೆ ಕೊಡಿ.

ಒಂದು ಮಾತು ಸ್ಟೇಷನ್ ಹೆಸರಿನ ಬಗ್ಗೆ. ಏನಾದರೂ ಚಂದದ ಹೆಸರಿಡಿ. ಡಬ್ಲ್ಯೂ, ಕೆ ಅಕ್ಷರದಿಂದ ಶುರುವಾಗುವ ಕಾಲ್‌ಸೈನ್ ಕಟ್ಟಿಕೊಳ್ಳಬೇಡಿ, ಅವು ಲೈಸೆನ್ಸ್ ಇರುವವರವು. ನಿಮ್ಮ ಹ್ಯಾಮ್ ಕಾಲ್‌ಸೈನನ್ನೂ ಇಲ್ಲಿ ಹೇಳಬೇಡಿ.

ಕರ್ನಾಟಕದಲ್ಲಿರುವವರಿಗೆ

ನಮ್ಮಲ್ಲಿ ಉಳಿದಿರುವ ಫಿಲಿಪ್ಸ್, ಮರ್ಫಿ, ಎಚ್‌ಎಂವಿ ವಾಲ್ವ್ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಹಿಂಬದಿಯಲ್ಲಿ ಪಿಕಪ್ ಸಾಕೆಟ್ ಎಂಬ ಎರಡು ತೂತುಗಳಿರುತ್ತವೆ. ಗ್ರಾಮಫೋನ್ ಜೋಡಿಸಲು ಇಟ್ಟದ್ದು. ಟ್ರಾನ್ಸ್‌ಮಿಟರ್ ಇಲ್ಲದೆ ಫೋನು, ಕಂಪ್ಯೂಟರಿನ ಹಾಡನ್ನು ನೇರ ಇಲ್ಲಿಗೆ ಕೊಡಬಹುದು. ಎಡ-ಬಲ ತಂತಿಗಳಿಗೆ ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ ಕೂಡಿಸಿ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಸಾಕೆಟ್ಟಿಗೆ. ಹಾಡೂ ಗಾಳಿಗಿಂತ ಸ್ವಚ್ಛವಾಗಿ ಬರುತ್ತದೆ.

ಅದಕ್ಕೆ ಮೊದಲು ಸೆಟ್ಟಿನಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇದೆಯೇ ಎಂದು ತಿಳಿದವರಿಂದ ಖಚಿತಪಡಿಸಿಕೊಳ್ಳಿ. ಎಸಿ/ಡಿಸಿ ಎಂದು ಬರೆದಿರುವ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕಬ್ಬಿಣದ ಚಾಸಿ (ಒಳಗಿನ ಚೌಕಟ್ಟು) ನೇರವಾಗಿ ಮನೆಯ ಲೈನಿಗೆ ತಾಗಿರುತ್ತದೆ. ಪ್ಲಗ್ ತಿರುವುಮುರುವಾದರೆ 230 ವೋಲ್ಟ್ ನಿಮ್ಮ ಫೋನಿಗೂ ಕೈಗೂ ಬರುತ್ತದೆ. ಅಂಥ ಸೆಟ್ಟಿಗೆ ಹೊರಗಿನ ಯಾವ ತಂತಿಯನ್ನೂ ಜೋಡಿಸಬೇಡಿ, ಆಡಿಯೋ ಟ್ರಾನ್ಸ್‌ಫಾರ್ಮರ್ ನಡುವೆ ಇದ್ದರೂ ಬೇಡ. ಅಮೆರಿಕದ ಐದು ವಾಲ್ವಿನ ಅಗ್ಗದ ಟೇಬಲ್ ರೇಡಿಯೋಗಳೂ ಇದೇ ಜಾತಿಯವು, ಅವಕ್ಕೆ ತಂತಿಗಿಂತ ಗಾಳಿಯ ದಾರಿಯೇ ಕ್ಷೇಮ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟನ್ನು ಎಂದೂ ನೇರ ಪ್ಲಗ್ಗಿಗೆ ಹಾಕಬೇಡಿ. 60 ವ್ಯಾಟ್‌ನ ಹಳೆಯ ಬಗೆಯ ಬಲ್ಬನ್ನು ಸಾಲಿನಲ್ಲಿ ಜೋಡಿಸಿ ಕೊಡಿ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಆರಿಸಿಬಿಡಿ. ಮಂದವಾಗಿ ಉರಿದರೆ ಹತ್ತು ನಿಮಿಷ ಹಾಗೇ ಬಿಟ್ಟು, ವಾಲ್ವುಗಳು ಕೆಂಪಾದವೇ ನೋಡಿ.